ಬೆಂಜೀನ್ ಬಳಗಕ್ಕೆ ಹೆಸರಿಟ್ಟವರು

ಅನಿಲೀನ್ ಎಂಬ ದ್ರವಕ್ಕೆ ಹದಿನಾರು ವರ್ಷಗಳಲ್ಲಿ ನಾಲ್ಕು ಸಲ ನಾಮಕರಣವಾಯಿತು. 1826ರಲ್ಲಿ ಜರ್ಮನಿಯ ಆಟೊ ಉನ್‌ಫರ್ಡೋರ್ಬೆನ್ ನೀಲಿ ಗಿಡದಿಂದ ತೆಗೆದ ಬಣ್ಣವನ್ನು, ಎಂದರೆ ನೀಲಿಯನ್ನು, ಕಾಯಿಸಿ ಭಟ್ಟಿ ಇಳಿಸಿದಾಗ ಎಣ್ಣೆಯಂಥದ್ದೊಂದು ತೊಟ್ಟಿಕ್ಕಿತು. ಆಮ್ಲ ಸೇರಿಸಿದರೆ ಸೊಗಸಾದ ಹರಳು ಕಟ್ಟುತ್ತಿದ್ದುದರಿಂದ ಅವನು ಅದನ್ನು ‘ಕ್ರಿಸ್ಟಲಿನ್’ ಎಂದ. 1834ರಲ್ಲಿ ಫ್ರೀಡ್‌ಲೀಬ್ ರುಂಗೆ ಕಲ್ಲಿದ್ದಲ ಡಾಂಬರಿನಿಂದ ಒಂದು ದ್ರವ ತೆಗೆದ. ಬ್ಲೀಚಿಂಗ್ ಪುಡಿ ಸೋಕಿದೊಡನೆ ಅದು ನೀಲಿಗೆ ತಿರುಗುತ್ತಿತ್ತು. ಹೆಸರು ‘ಕಯನಾಲ್’ ಆಯಿತು. 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಿಟ್ಸ್‌ಷೆ ಮತ್ತೆ ನೀಲಿಯನ್ನೇ ಹಿಡಿದು, ಕ್ಷಾರದೊಂದಿಗೆ ಕಾಯಿಸಿ, ಸಿಕ್ಕಿದ್ದಕ್ಕೆ ‘ಅನಿಲಿನ್’ ಎಂದು ಹೆಸರಿಟ್ಟ. ನೀಲಿ ಗಿಡಕ್ಕೆ ಪೋರ್ಚುಗೀಸರು ‘ಅನಿಲ್’ ಎನ್ನುತ್ತಿದ್ದರು. ಅದು ಅರಬ್ಬಿಯ ಮೂಲಕ ಹೋದ ನಮ್ಮ ‘ನೀಲ’ವೇ. 1842ರಲ್ಲಿ ರಷ್ಯಾದ ಕಜಾನಿನಲ್ಲಿ ಜಿನಿನ್ ಎಂಬಾತ ನೈಟ್ರೊಬೆಂಜೀನಿನಿಂದ ಇನ್ನೊಂದು ದ್ರವ ಮಾಡಿ ‘ಬೆಂಜಿಡಾಮ್’ ಎಂದ. ಮರುವರ್ಷ ಆಗಸ್ಟ್ ಹಾಫ್‌ಮನ್ ನಾಲ್ಕನ್ನೂ ಹೋಲಿಸಿ ನೋಡಿ, ನಾಲ್ಕೂ ಒಂದೇ ಎಂದು ಸಾಧಿಸಿದ.

ಆ ದಿನಗಳಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು, ಕಡಪ, ದಕ್ಷಿಣ ಆರ್ಕಾಟ್ ಕಡೆ ನೀಲಿ ದೊಡ್ಡ ಬೆಳೆ. ಮದ್ರಾಸಿನಿಂದ ನೆಲ್ಲೂರಿನತ್ತ ಹೊರಡುವ ಹಳೆಯ ಉತ್ತರದ ಹೆದ್ದಾರಿ ಮಾಧವರಂ ಮೇಲೆ ಹಾಯುತ್ತದೆ. ಈ ರಸ್ತೆಯ ಆಚೀಚೆ ನೂರೈವತ್ತು ವರ್ಷಗಳಲ್ಲಿ ಒಂದು ಬೆಳೆ ಅಳಿದು ಒಂದು ಕೈಗಾರಿಕೆ ಎದ್ದಿತು. ಎರಡಕ್ಕೂ ಕಾರಣವಾದದ್ದು ಆರು ಇಂಗಾಲದ ಒಂದು ಉಂಗುರ, ಮತ್ತು ಆ ಉಂಗುರದ ಯಾವ ಮೂಲೆಯಲ್ಲಿ ಏನು ಕೂತಿದೆ ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಲು ಕಲಿತ ಕೆಲವು ಮಂದಿ.

ಉಂಗುರದ ಮೂಲ ವಸ್ತುವಾದ ಬೆಂಜೀನಿನ ನಾಮಕರಣವೂ ಸಲೀಸಾಗಿ ಆಗಲಿಲ್ಲ. 1825ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ದೀಪದ ಅನಿಲವನ್ನು ಒತ್ತಿ ತುಂಬಿದ ಪಾತ್ರೆಗಳ ತಳದಲ್ಲಿ ಉಳಿಯುತ್ತಿದ್ದ ದ್ರವದಿಂದ ಅದನ್ನು ಬೇರ್ಪಡಿಸಿ ‘ಜಲಜನಕದ ಬೈಕಾರ್ಬುರೆಟ್’ ಎಂದು ಕರೆದ. ಒಂಬತ್ತು ವರ್ಷ ಕಳೆದ ಮೇಲೆ ಬರ್ಲಿನ್ನಿನ ಮಿಟ್ಷರ್ಲಿಖ್ ಬೆಂಜೊಯಿಕ್ ಆಮ್ಲವನ್ನು ಸುಣ್ಣದೊಂದಿಗೆ ಕಾಯಿಸಿ ಅದನ್ನೇ ಪಡೆದು ‘ಬೆಂಜಿನ್’ ಎಂದ. ಆ ಆಮ್ಲ ಬರುತ್ತಿದ್ದುದು ನಮ್ಮ ಮನೆಗಳಲ್ಲಿ ಸಂಜೆ ಹೊಗೆ ಹಾಕುವ ಸಾಂಬ್ರಾಣಿಯಿಂದ. ಅವನ ಲೇಖನ ಅಚ್ಚಾದ ಪತ್ರಿಕೆಯ ಸಂಪಾದಕನಾಗಿದ್ದ ಲೀಬಿಗ್‌ಗೆ ಹೆಸರಿನ ಕೊನೆಯ ‘ಇನ್’ ಹಿಡಿಸಲಿಲ್ಲ. ಕ್ವಿನಿನ್, ಸ್ಟ್ರಿಕ್ನಿನ್ ಸಾಲಿಗೆ ಸೇರಿದ್ದೆಂದು ಜನ ತಪ್ಪು ತಿಳಿದಾರು ಎಂದು ಅವನು ‘ಬೆಂಜೋಲ್’ ಎಂದು ತಿದ್ದಿದ. ಜರ್ಮನರು ಆ ತಿದ್ದುಪಡಿಯನ್ನು ಬಹುಕಾಲ ಬಿಡಲಿಲ್ಲ. ಪ್ಯಾರಿಸ್ಸಿನ ಆಗಸ್ಟ್ ಲೊರಾನ್ ಇನ್ನೂ ಮುಂದೆ ಹೋಗಿ, ಬೆಳಕು ಕೊಡುವ ಅನಿಲದಲ್ಲಿ ಸಿಕ್ಕಿದ್ದಾದ್ದರಿಂದ ‘ಫೀನ್’ ಎನ್ನೋಣ ಎಂದ. ಅವನ ಮಾತಿಗೆ ಯಾರೂ ಓಗೊಡಲಿಲ್ಲ. ಆದರೂ ಫೀನಾಲ್, ಫೀನೈಲ್ ಎಂಬ ಹೆಸರುಗಳಲ್ಲಿ ಲೊರಾನನ ಪದ ಉಳಿಯಿತು. ನೆಲ ಒರೆಸುವ ಫಿನಾಯಿಲ್ ಬಾಟಲಿಯ ಮೇಲೂ ಅದರದೇ ನೆರಳಿದೆ. ಸೋತ ಪ್ರಸ್ತಾಪವೊಂದು ಇಷ್ಟು ಗಟ್ಟಿಯಾಗಿ ಬೇರು ಬಿಟ್ಟದ್ದು ನನಗೆ ಯಾವಾಗಲೂ ಮೋಜೆನಿಸುತ್ತದೆ.

ಉಂಗುರದ ಆರು ಜಲಜನಕಗಳಲ್ಲಿ ಒಂದನ್ನೋ ಎರಡನ್ನೋ ಎಬ್ಬಿಸಿ ಆ ಜಾಗದಲ್ಲಿ ಬೇರೆ ಗುಂಪು ಕೂರಿಸಿದರೆ ಹುಟ್ಟುವ ಬಳಗ ದೊಡ್ಡದು. ಅನಿಲೀನೂ ಅದರಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಆ ಬಳಗದ ಹೆಸರುಗಳನ್ನು ಓದಿದರೆ ಗ್ರಂಧಿಗೆ ಅಂಗಡಿಯ ಚೀಟಿ ಓದಿದ ಹಾಗಿರುತ್ತಿತ್ತು. ಜೀರಿಗೆ ಎಣ್ಣೆಯ ಜಾಡು ಹಿಡಿದು ಕ್ಯೂಮೀನ್, ಸೋಂಪಿನಿಂದ ಅನಿಸೋಲ್, ಕೊಲಂಬಿಯದ ಟೋಲು ಎಂಬ ಊರಿನ ಮರದ ಅಂಟಿನಿಂದ ಟಾಲ್ವೀನ್, ಮರದ ಡಾಂಬರಿನಿಂದ ಕ್ಸೈಲೀನ್. ಎಲೆ ಅಡಿಕೆಗೆ ಹಾಕುವ ಕಾಚನ್ನು ಭಟ್ಟಿ ಇಳಿಸಿದರೆ ಕ್ಯಾಟೆಕಾಲ್. ಇಂಗಿನ ಕುಲದ ಗಿಡವೊಂದರ ಅಂಟನ್ನು ಕ್ಷಾರದಲ್ಲಿ ಕರಗಿಸಿದರೆ ರೆಸಾರ್ಸಿನಾಲ್. ಸಿಂಕೋನ ತೊಗಟೆಯ ಆಮ್ಲದಿಂದ ಬಂದದ್ದು ಹೈಡ್ರೋಕ್ವಿನೋನ್, ಕಪ್ಪು ಬಿಳುಪಿನ ಫೋಟೊ ಕಾಲದಲ್ಲಿ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಚಿತ್ರ ಮೂಡಿಸುತ್ತಿದ್ದ ಪುಡಿ.

ಈ ಹೆಸರುಗಳು ವಸ್ತು ಎಲ್ಲಿಂದ ಬಂತು ಎಂದು ಹೇಳುತ್ತಿದ್ದವೇ ಹೊರತು ಅದು ಏನು ಎಂದು ಹೇಳುತ್ತಿರಲಿಲ್ಲ. ಕ್ಯಾಟೆಕಾಲ್, ರೆಸಾರ್ಸಿನಾಲ್, ಹೈಡ್ರೋಕ್ವಿನೋನ್ ಮೂರರಲ್ಲೂ ಇರುವುದು ಆರು ಇಂಗಾಲ, ಆರು ಜಲಜನಕ, ಎರಡು ಆಮ್ಲಜನಕ. ಲೆಕ್ಕ ಒಂದೇ, ಗುಣ ಬೇರೆ. ಹೀಗೆ ಒಂದೇ ಅಣುಸೂತ್ರದ ಬೇರೆ ಬೇರೆ ವಸ್ತುಗಳಿಗೆ ಸಮಾಂಗಿಗಳು ಎನ್ನುತ್ತಾರೆ. ಈ ಮೂವರೂ ಏಕೆ ಮೂವರೇ, ನಾಲ್ಕನೆಯವನು ಏಕಿಲ್ಲ ಎಂಬುದಕ್ಕೆ 1865ರ ತನಕ ಯಾರಲ್ಲೂ ಉತ್ತರ ಇರಲಿಲ್ಲ.

ಉತ್ತರ ಕೊಟ್ಟವನು ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿದ್ದ ಜರ್ಮನ್ ಪ್ರಾಧ್ಯಾಪಕ ಆಗಸ್ಟ್ ಕೆಕುಲೆ. ಬೆಂಜೀನಿನ ಆರು ಇಂಗಾಲಗಳು ಕೈಕೈ ಹಿಡಿದು ಉಂಗುರ ಕಟ್ಟಿವೆ ಎಂದು 1865ರಲ್ಲಿ ಅವನು ಬರೆದ. ಒಲೆಯ ಮುಂದೆ ತೂಕಡಿಸುವಾಗ ತನ್ನ ಬಾಲವನ್ನೇ ಕಚ್ಚಿಕೊಂಡ ಹಾವು ಕಂಡಿತು ಎಂದು ಅವನು ಹೇಳಿದ್ದು ಮಾತ್ರ ಇಪ್ಪತ್ತೈದು ವರ್ಷದ ನಂತರ, 1890ರಲ್ಲಿ ಬರ್ಲಿನ್ನಿನಲ್ಲಿ ನಡೆದ ಸನ್ಮಾನದ ಸಭೆಯಲ್ಲಿ. ಈ ಕನಸಿನ ಮೇಲೆ ವಿದ್ವಾಂಸರಲ್ಲಿ ಜಗಳವಿದೆ. 1980ರ ದಶಕದಲ್ಲಿ ಜಾನ್ ವೋಟಿಜ್ ಮತ್ತು ಸುಸಾನಾ ರುಡೋಫ್‌ಸ್ಕಿ ಕನಸು ಕಟ್ಟುಕತೆ ಎಂದರು. ವಿಯೆನ್ನಾದ ಯೋಸೆಫ್ ಲೋಷ್ಮಿಟ್ 1861ರಲ್ಲೇ ಬೆಂಜೀನಿಗೆ ಒಂದು ವೃತ್ತ ಬರೆದಿದ್ದನ್ನು ಎತ್ತಿ ತೋರಿಸಿ, ಕೀರ್ತಿ ಅವನದು ಎಂದು ವಾದಿಸಿದವರೂ ಉಂಟು. ಇತಿಹಾಸಕಾರ ಅಲನ್ ರಾಕ್ ಕೆಕುಲೆಯ ಪರ ನಿಂತರು. ಲೋಷ್ಮಿಟನ ವೃತ್ತ ಇನ್ನೂ ತೀರ್ಮಾನವಾಗದ ರಚನೆಗೆ ಹಾಕಿದ ಗುರುತಿನಂತೆ ಕಾಣುತ್ತದೆ. ಅದರಿಂದ ಅವನು ಮುಂದಿನ ಲೆಕ್ಕ ತೆಗೆಯಲಿಲ್ಲ. ಕೆಕುಲೆ ತೆಗೆದ. ಒಂದು ಜಲಜನಕ ಬದಲಾದರೆ ಒಂದೇ ವಸ್ತು, ಎರಡು ಬದಲಾದರೆ ಮೂರು, ಅದಕ್ಕೆ ಹೆಚ್ಚಿಲ್ಲ ಎಂದ. ಕನಸು ಬಿತ್ತೋ ಇಲ್ಲವೋ, ಈ ಎಣಿಕೆ ಪ್ರಯೋಗಶಾಲೆಯಲ್ಲಿ ಸರಿಯೋ ತಪ್ಪೋ ಎಂದು ನೋಡಬಹುದಾದ ಮಾತಾಗಿತ್ತು.

ಕಾಗದದ ಮೇಲೆ ಮೂರೂ ಸುಲಭ. ಉಂಗುರದ ಮೂಲೆಗಳಿಗೆ ಒಂದರಿಂದ ಆರರವರೆಗೆ ಅಂಕೆ ಹಾಕಿ, ಹೊಸ ಗುಂಪುಗಳು ಪಕ್ಕಪಕ್ಕದಲ್ಲಿದ್ದರೆ 1,2, ನಡುವೆ ಒಂದು ಬಿಟ್ಟು ಕೂತರೆ 1,3, ಎದುರುಬದುರಾದರೆ 1,4. ಆದರೆ ಸೀಸೆಯಲ್ಲಿರುವ ಬಿಳಿ ಹರಳು ಇವುಗಳಲ್ಲಿ ಯಾವುದು? ಅಣುವನ್ನು ಕಣ್ಣಲ್ಲಿ ನೋಡುವ ಉಪಾಯ ಆಗ ಇರಲಿಲ್ಲ. ಕರಗುವ ಉಷ್ಣತೆ, ಕುದಿಯುವ ಉಷ್ಣತೆ, ಹರಳಿನ ಆಕಾರ ಬಿಟ್ಟರೆ ಕೈಯಲ್ಲಿ ಬೇರೇನಿಲ್ಲ.

ಈ ಪ್ರಶ್ನೆಯನ್ನು ಹಿಡಿದವನು ಗೆಂಟ್‌ನಲ್ಲಿ ಕೆಕುಲೆಯ ಸಹಾಯಕನಾಗಿದ್ದ ವಿಲ್ಹೆಲ್ಮ್ ಕೋರ್ನರ್. 1839ರಲ್ಲಿ ಕಾಸೆಲ್‌ನಲ್ಲಿ ಹುಟ್ಟಿದವನು. 1867ರಲ್ಲಿ ಇಟಲಿಯ ಪಲೆರ್ಮೊಗೆ ಹೋಗಿ ಕಾನಿಜ್ಜಾರೊ ಬಳಿ ಸೇರಿಕೊಂಡ. ಆಮೇಲೆ ಮಿಲಾನಿನ ಕೃಷಿ ಶಾಲೆಯಲ್ಲಿ ಪ್ರಾಧ್ಯಾಪಕನಾಗಿ ಅಲ್ಲೇ ನೆಲೆ ನಿಂತ. ಆರ್ಥೊ, ಮೆಟಾ, ಪ್ಯಾರಾ ಎಂಬ ಮೂರು ಉಪಸರ್ಗಗಳನ್ನು ಬೆಂಜೀನಿನ ಮೂರು ಜೋಡಣೆಗಳಿಗೆ ಹಚ್ಚಲು ಶುರುಮಾಡಿದವನೂ ಅವನೇ. ಮೂರೂ ಗ್ರೀಕ್ ಪದಗಳು, ಮೊದಲೇ ರಸಾಯನಶಾಸ್ತ್ರದಲ್ಲಿ ಬೇರೆ ಕೆಲಸಕ್ಕೆ ಓಡಾಡುತ್ತಿದ್ದವು. ಮೂಲ ವಸ್ತುವಿಗೆ ಆರ್ಥೊ, ಅದರ ಹತ್ತಿರದ ಇನ್ನೊಂದಕ್ಕೆ ಮೆಟಾ, ಹೋಲುವ ಮತ್ತೊಂದಕ್ಕೆ ಪ್ಯಾರಾ ಎನ್ನುವ ವಾಡಿಕೆ ಬರ್ಜೀಲಿಯಸನ ಕಾಲದ್ದು.

ಗೊಂದಲ ಇಲ್ಲಿಂದ ಏರುತ್ತದೆ. ಕೋರ್ನರ್ ಆರ್ಥೊ ಎಂದದ್ದು ಎದುರುಬದುರು ಕೂತ 1,4 ಜೋಡಿಗೆ. ಮೆಟಾ ಎಂದದ್ದು ಪಕ್ಕಪಕ್ಕದ 1,2 ಜೋಡಿಗೆ. ಇಂದಿನ ವಿದ್ಯಾರ್ಥಿ ಹಾಗೆ ಬರೆದರೆ ಸೊನ್ನೆ ಅಂಕ. 1869ರಲ್ಲಿ ಕಾರ್ಲ್ ಗ್ರೇಬೆ ಇವೇ ಪದಗಳನ್ನು ನ್ಯಾಫ್ತಲೀನಿನ ಉಂಗುರದ ನಿಶ್ಚಿತ ಜಾಗಗಳಿಗೆ ತನ್ನದೇ ರೀತಿಯಲ್ಲಿ ಹಂಚಿದ. 1870ರಲ್ಲಿ ಇಪ್ಪತ್ತೆರಡರ ತರುಣ ವಿಕ್ಟರ್ ಮೇಯರ್ ಗ್ರೇಬೆಯ ಹಂಚಿಕೆಯನ್ನು ಬೆಂಜೀನಿಗೆ ತಂದ. ಹೀಗೆ ಹತ್ತಾರು ವರ್ಷ ಯುರೋಪಿನ ಪತ್ರಿಕೆಗಳಲ್ಲಿ ಒಂದೇ ಪದ ಬರೆದವನ ಗುರುಪರಂಪರೆ ನೋಡಿ ಅರ್ಥವಾಗಬೇಕಿತ್ತು. ಆ ಕಾಲದ ಲೇಖನದಲ್ಲಿ ‘ಆರ್ಥೊ’ ಎಂದು ಕಂಡೊಡನೆ ಪಕ್ಕಪಕ್ಕ ಎಂದುಕೊಂಡು ಮುಂದೆ ಓದಿದರೆ ಎಡವುವುದು ಖಂಡಿತ.

ಪದಗಳ ಜಗಳ ಬಗೆಹರಿಯಬೇಕಾದರೆ ಮೊದಲು ವಸ್ತುಗಳ ಜಗಳ ಬಗೆಹರಿಯಬೇಕಿತ್ತು. ಕೋರ್ನರ್ 1874ರಲ್ಲಿ ಇಟಾಲಿಯನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧ ಅದನ್ನು ಬಗೆಹರಿಸಿತು. ಅವನ ಯುಕ್ತಿ ಕೇಳಲು ಸರಳ. ಎರಡು ಬ್ರೋಮಿನ್ ಇರುವ ಬೆಂಜೀನ್ ಮೂರು ಬಗೆ. ಪ್ರತಿಯೊಂದಕ್ಕೂ ಮೂರನೆಯ ಅತಿಥಿಯಾಗಿ ಒಂದು ನೈಟ್ರೊ ಗುಂಪನ್ನು ಸೇರಿಸುತ್ತ ಹೋಗಿ. ಬ್ರೋಮಿನ್‌ಗಳು ಎದುರುಬದುರಾಗಿದ್ದರೆ ಉಳಿದ ನಾಲ್ಕು ಜಾಗಗಳೂ ಸರಿಸಮ. ಎಲ್ಲಿ ಕೂತರೂ ಒಂದೇ ವಸ್ತು. ಪಕ್ಕಪಕ್ಕದಲ್ಲಿದ್ದರೆ ಎರಡು ಬೇರೆ ವಸ್ತು. ಒಂದು ಬಿಟ್ಟು ಒಂದಾಗಿದ್ದರೆ ಮೂರು. ಹುಟ್ಟಿದ ಮಕ್ಕಳನ್ನು ಎಣಿಸಿದರೆ ತಾಯಿ ಯಾರೆಂದು ತಿಳಿಯುತ್ತದೆ. 87 ಡಿಗ್ರಿಯಲ್ಲಿ ಕರಗುವ, ಮಾಮೂಲಿ ಕೋಣೆಯಲ್ಲಿ ಹರಳಾಗಿ ಇರುವ ಡೈಬ್ರೋಮೊಬೆಂಜೀನ್ ಒಂದೇ ಒಂದು ನೈಟ್ರೊ ವಸ್ತು ಕೊಟ್ಟಿತು. ಅದರ ದ್ರವರೂಪಿ ಒಡಹುಟ್ಟುಗಳಲ್ಲಿ ಒಂದು ಎರಡು ಕೊಟ್ಟಿತು, ಇನ್ನೊಂದು ಮೂರು.

ಮಾಡಿ ತೋರಿಸುವುದು ಸರಳವಾಗಿರಲಿಲ್ಲ. ಒಂದೇ ಪಾತ್ರೆಯಲ್ಲಿ ಹುಟ್ಟುವ ಎರಡು ಮೂರು ಸಮಾಂಗಿಗಳು ಹೆಚ್ಚುಕಡಿಮೆ ಒಂದೇ ಗುಣದವು. ಬಿಸಿ ಆಲ್ಕೊಹಾಲಿನಲ್ಲಿ ಕರಗಿಸಬೇಕು, ತಣಿಸಬೇಕು, ಮೊದಲು ಇಳಿದ ಹರಳನ್ನು ಸೋಸಬೇಕು, ಉಳಿದ ದ್ರವವನ್ನು ಬತ್ತಿಸಬೇಕು, ಮತ್ತೆ ಕರಗಿಸಬೇಕು. ಕೆಲವು ಚಿಟಿಕೆಯಷ್ಟೇ ಸಿಗುತ್ತವೆ. ಸಿಗಲಿಲ್ಲವೆಂದರೆ ಇಲ್ಲವೇ ಇಲ್ಲ ಎಂದು ತೀರ್ಮಾನಿಸುವಂತಿಲ್ಲ, ಎಣಿಕೆ ಒಂದು ತಪ್ಪಿದರೆ ವಾದವೇ ಕುಸಿಯುತ್ತದೆ. ಆ ಪ್ರಬಂಧದಲ್ಲಿ ಕೋರ್ನರ್ ಹೊಸದಾಗಿ ವರ್ಣಿಸಿದ ವಸ್ತುಗಳೇ ನೂರಕ್ಕೂ ಹೆಚ್ಚು. ಕೆಕುಲೆಯ ಹಾವು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಕೋರ್ನರನ ಸೋಸುವ ಬಟ್ಟಲು ಯಾವುದರಲ್ಲೂ ಇಲ್ಲ. ಉಂಗುರ ನಿಜವೆಂದು ನಂಬುವಂತೆ ಮಾಡಿದ್ದರಲ್ಲಿ ಹಾವಿಗಿಂತ ಬಟ್ಟಲಿನ ಪಾಲು ದೊಡ್ಡದು ಎಂದೇ ನಾನು ಹೇಳುತ್ತೇನೆ.

ಇದೇ ಯುಕ್ತಿಯನ್ನು ತಿರುವುಮುರುವು ಮಾಡಿದವನು ಪೀಟರ್ ಗ್ರೀಸ್. ಇಂಗ್ಲೆಂಡಿನ ಬರ್ಟನ್ ಊರಿನ ಆಲ್ಸಾಪ್ ಬಿಯರ್ ಕಾರ್ಖಾನೆಯಲ್ಲಿ ಅವನಿಗೆ ನೌಕರಿ, ಬಿಡುವಿನಲ್ಲಿ ಬೆಂಜೀನ್. ಆರು ಬಗೆಯ ಡೈಅಮೈನೊಬೆಂಜೊಯಿಕ್ ಆಮ್ಲಗಳನ್ನು ಕಾಯಿಸಿ ಆಮ್ಲದ ಗುಂಪನ್ನು ಕಿತ್ತುಹಾಕಿದ. ಮೂರು ಆಮ್ಲಗಳು ಒಂದೇ ಡೈಅಮೀನ್ ಕೊಟ್ಟವು, ಎರಡು ಇನ್ನೊಂದನ್ನು, ಉಳಿದ ಒಂದು ಮತ್ತೊಂದನ್ನು. ಕೋರ್ನರ್ ತಾಯಿಯಿಂದ ಮಕ್ಕಳತ್ತ ಎಣಿಸಿದ್ದರೆ ಗ್ರೀಸ್ ಮಕ್ಕಳಿಂದ ತಾಯಿಯತ್ತ ಎಣಿಸಿದ. ಲೆಕ್ಕ ತಾಳೆಯಾಯಿತು. ಅದೇ ಹೊತ್ತಿಗೆ ಆಲ್ಬರ್ಟ್ ಲಾಡೆನ್‌ಬರ್ಗ್ ಒಂದು ತಕರಾರು ತೆಗೆದಿದ್ದ: ಕೆಕುಲೆಯ ಉಂಗುರದಲ್ಲಿ ಒಂದು ಬಿಟ್ಟು ಒಂದು ಜೋಡಿಬಂಧ ಇದೆಯಾದರೆ 1,2 ಮತ್ತು 1,6 ಬೇರೆ ಬೇರೆ ಆಗಬೇಕಲ್ಲ? ಬಂಧಗಳು ಜಾಗ ಬದಲಿಸುತ್ತ ಇರುತ್ತವೆ ಎಂದು 1872ರಲ್ಲಿ ಕೆಕುಲೆ ಸಮಜಾಯಿಷಿ ಕೊಟ್ಟ. ಪೂರ್ತಿ ಉತ್ತರಕ್ಕೆ ಇಪ್ಪತ್ತನೆಯ ಶತಮಾನದ ಕ್ವಾಂಟಂ ಸಿದ್ಧಾಂತ ಬರುವ ತನಕ ಕಾಯಬೇಕಾಯಿತು.

1879ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿ ಪದಗಳ ಜಗಳಕ್ಕೆ ಷರಾ ಬರೆಯಿತು: ಆರ್ಥೊ ಎಂದರೆ 1,2, ಮೆಟಾ 1,3, ಪ್ಯಾರಾ 1,4. ಗ್ರೀಕಿನಲ್ಲಿ ‘ಪಕ್ಕ’ ಎಂಬ ಅರ್ಥದ ಪ್ಯಾರಾ ಉಂಗುರದಲ್ಲಿ ಅತಿ ದೂರದ ಜಾಗಕ್ಕೆ ಅಂಟಿಕೊಂಡಿತು. ಕೋರ್ನರ್ ಕೊಟ್ಟ ಪದಗಳು ಉಳಿದವು, ಅವನು ಕೊಟ್ಟ ಅರ್ಥ ಹೋಯಿತು.

ಈ ಷರಾ ವಿದ್ವಾಂಸರ ಕೋಣೆಯಲ್ಲೇ ಉಳಿಯಲಿಲ್ಲ. ಪಕ್ಕದ ಮನೆ ಯಾವುದು, ಎದುರು ಮನೆ ಯಾವುದು ಎಂದು ತಿಳಿದ ಮೇಲೆ ಬಣ್ಣದ ಕಾರ್ಖಾನೆಗಳಿಗೆ ಬೇಕಾದ ಮೂಲೆಯಲ್ಲಿ ಬೇಕಾದ ಗುಂಪನ್ನು ಕೂರಿಸುವ ಯೋಜನೆ ಹಾಕಲು ಬಂತು. ನೀಲಿಯ ಅಣು ಕಟ್ಟಬೇಕಾದರೆ ಉಂಗುರದ ಮೇಲೆ ಸಾರಜನಕವೂ ಇಂಗಾಲವೂ ಪಕ್ಕಪಕ್ಕದಲ್ಲಿ ಇರಲೇಬೇಕು. ಮೆಟಾ, ಪ್ಯಾರಾ ಇಲ್ಲಿ ಕೆಲಸಕ್ಕೆ ಬಾರವು. ಅಡಾಲ್ಫ್ ಬೇಯರ್ 1880ರಲ್ಲಿ ಪ್ರಯೋಗಶಾಲೆಯಲ್ಲಿ ನೀಲಿ ಮಾಡಿದ್ದು ಆರ್ಥೊ ನೈಟ್ರೊ ಸಂಯುಕ್ತದಿಂದ. ಬಿಎಎಸ್‌ಎಫ್ ಕಂಪನಿ 1897ರಲ್ಲಿ ಮಾರುಕಟ್ಟೆಗೆ ತಂದ ನೀಲಿ ಆರ್ಥೊ ಅಮೈನೊಬೆಂಜೊಯಿಕ್ ಆಮ್ಲದ ಮೇಲೆ ನಿಂತಿತ್ತು. ಆ ಆಮ್ಲದ ಹಳೆಯ ಹೆಸರು ಆಂತ್ರನಿಲಿಕ್. ಅದನ್ನು ಫ್ರಿಟ್ಸ್‌ಷೆ ಮೊದಲು ಪಡೆದದ್ದು ಗಿಡದ ನೀಲಿಯಿಂದ. ಜರ್ಮನರು ಈಗ ಅದನ್ನು ಡಾಂಬರಿನ ನ್ಯಾಫ್ತಲೀನಿನಿಂದ ಮಾಡಿ ನೀಲಿಗೆ ಹಿಂದಿರುಗುವ ದಾರಿ ಹಾಕಿದ್ದರು.

1897ರಲ್ಲಿ ಗಿಡದಿಂದ ತೆಗೆದ ನೀಲಿ ಸುಮಾರು 19,000 ಟನ್, ಬಹುಪಾಲು ಭಾರತದ್ದು. 1914ರ ಹೊತ್ತಿಗೆ ಅದು 1,000 ಟನ್ನಿಗೆ ಇಳಿದಿತ್ತು. ಬಂಗಾಳ, ಬಿಹಾರದ ಕತೆ ಎಲ್ಲರಿಗೂ ಗೊತ್ತು. ಬೆಲೆ ಕುಸಿದಾಗ ಚಂಪಾರಣ್ಯದ ನೀಲಿ ದೊರೆಗಳು ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಲು ಹೋದದ್ದೇ 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಲು ಕಾರಣವಾಯಿತು. ನೆಲ್ಲೂರು, ಕಡಪ ಕಡೆಯ ನೀಲಿ ತೊಟ್ಟಿಗಳು ಬರಿದಾದದ್ದಕ್ಕೆ ಅಷ್ಟು ಸುದ್ದಿ ಸಿಗಲಿಲ್ಲ.

ಹೆಸರಿಡುವ ಕೆಲಸ ಅಷ್ಟರಲ್ಲಿ ಸಮಿತಿಗಳ ಕೈಗೆ ಹೋಗಿತ್ತು. 1892ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಒಂಬತ್ತು ದೇಶಗಳ 34 ರಸಾಯನ ವಿಜ್ಞಾನಿಗಳು ಶಾರ್ಲ್ ಫ್ರೀಡೆಲ್ ಅಧ್ಯಕ್ಷತೆಯಲ್ಲಿ ಕೂತು ಸಾವಯವ ವಸ್ತುಗಳ ಹೆಸರಿಗೆ ನಿಯಮ ಮಾಡಿದರು. ಸರಪಳಿ ಸಂಯುಕ್ತಗಳಿಗೆ ವ್ಯವಸ್ಥೆ ಸಿಕ್ಕಿತು. ಬೆಂಜೀನ್ ಬಳಗದ ತಂಟೆ ಬಹುಮಟ್ಟಿಗೆ ಮುಂದಕ್ಕೆ ಹೋಯಿತು. 1930ರಲ್ಲಿ ಲಿಯೇಜ್ ನಗರದ ನಿಯಮಗಳು, ಆಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿಯ 1979, 1993, 2013ರ ಪುಸ್ತಕಗಳು. ಪ್ರತಿ ಸಲವೂ ಅಂಕೆಗಳ ಹಿಡಿತ ಬಿಗಿಯಾಗುತ್ತ ಬಂತು, ಪ್ರತಿ ಸಲವೂ ಗ್ರಂಧಿಗೆ ಅಂಗಡಿಯ ಕೆಲವು ಹೆಸರುಗಳು ರಾಜಿಯಲ್ಲಿ ಉಳಿದುಕೊಂಡವು. 2013ರ ನಿಯಮದಲ್ಲೂ ಅನಿಲೀನ್, ಫೀನಾಲ್, ಟಾಲ್ವೀನ್ ಇವೆ. ಆದರೆ ಟಾಲ್ವೀನಿನ ಮೇಲೆ ಇನ್ನೇನಾದರೂ ಕೂತರೆ ಆ ಹೆಸರಿಗೆ ಅಗ್ರಸ್ಥಾನವಿಲ್ಲ. ಸಿಡಿಮದ್ದಿನ ಟಿಎನ್‌ಟಿಯನ್ನು 2-ಮೀಥೈಲ್-1,3,5-ಟ್ರೈನೈಟ್ರೊಬೆಂಜೀನ್ ಎನ್ನಬೇಕು. ಅಮೆರಿಕದ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸೂಚಿಯಂತೂ 1972ರಲ್ಲೇ ಅನಿಲೀನನ್ನು ಕೈಬಿಟ್ಟು ಬೆಂಜೀನಮೀನ್ ಎಂದು ಬರೆಯಲಾರಂಭಿಸಿತ್ತು.

ಈ ವಂಶಾವಳಿಯ ಒಂದು ಕೊಂಬೆ ಬೆಂಗಳೂರಿಗೂ ಬಂದಿದೆ. 1870ರಲ್ಲಿ ಬೆಂಜೀನಿಗೆ ಆರ್ಥೊ, ಮೆಟಾ, ಪ್ಯಾರಾ ಹಂಚಿದ ಆ ತರುಣ ವಿಕ್ಟರ್ ಮೇಯರ್ ಮುಂದೆ ಹೈಡೆಲ್‌ಬರ್ಗಿನಲ್ಲಿ ಪ್ರಾಧ್ಯಾಪಕನಾದ. 1894ರಲ್ಲಿ ಅವನೂ ಜಾನ್ ಜೋಸೆಫ್ ಸಡ್‌ಬರೊ ಎಂಬ ಇಂಗ್ಲಿಷ್ ಯುವಕನೂ ಕೂಡಿ ಒಂದು ವಿಚಿತ್ರ ನಿಯಮ ಪ್ರಕಟಿಸಿದರು. ಬೆಂಜೊಯಿಕ್ ಆಮ್ಲವನ್ನು ಮೀಥೈಲ್ ಆಲ್ಕೊಹಾಲಿನಲ್ಲಿ ಹಾಕಿ ಹೈಡ್ರೊಕ್ಲೋರಿಕ್ ಆಮ್ಲ ಹಾಯಿಸಿದರೆ ಸಲೀಸಾಗಿ ಎಸ್ಟರ್ ಆಗುತ್ತದೆ. ಆದರೆ ಆಮ್ಲದ ಗುಂಪಿನ ಎರಡೂ ಪಕ್ಕ, ಎಂದರೆ ಎರಡೂ ಆರ್ಥೊ ಜಾಗಗಳಲ್ಲಿ ಬೇರೆ ಗುಂಪುಗಳು ಕೂತಿದ್ದರೆ ಕ್ರಿಯೆ ನಡೆಯುವುದೇ ಇಲ್ಲ. ಅವೇ ಗುಂಪುಗಳನ್ನು ಮೆಟಾಗೋ ಪ್ಯಾರಾಗೋ ಸರಿಸಿದರೆ ಅಡ್ಡಿಯಿಲ್ಲ. ಆರ್ಥೊ ಎಂಬುದು ಕಾಗದದ ಮೇಲಿನ ಗುರುತಷ್ಟೇ ಅಲ್ಲ, ಅಣುವಿನೊಳಗಿನ ಇಕ್ಕಟ್ಟಿನ ಜಾಗವೂ ಹೌದು ಎಂದು ಇದರಿಂದ ಗೊತ್ತಾಯಿತು.

ಇದೇ ಸಡ್‌ಬರೊ 1911ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಸಂಸ್ಥೆ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದ ವರ್ಷವೂ ಅದೇ. ಬರ್ನ್‌ಟ್‌ಸೆನ್ ಬರೆದ ಜರ್ಮನ್ ಪಠ್ಯಪುಸ್ತಕವನ್ನು ಇಂಗ್ಲಿಷಿನಲ್ಲಿ ಪರಿಷ್ಕರಿಸಿ ಬೆಳೆಸಿದವರೂ ಅವರೇ. ಮೈಸೂರು ಸೀಮೆಗೆ ಮಾತ್ರ ಅವರ ನೆನಪು ಬೇರೆ ಕಾರಣಕ್ಕೆ ಇರಬೇಕು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡು ನಿಂತುಹೋದಾಗ, ಎಣ್ಣೆಯನ್ನು ಇಲ್ಲಿಯೇ ಇಳಿಸಬಹುದೆಂದು ಸಂಸ್ಥೆಯಲ್ಲಿ ಪ್ರಯೋಗ ನಡೆಸಿ ತೋರಿಸಿದವರು ಸಡ್‌ಬರೊ ಮತ್ತು ವಾಟ್ಸನ್. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಗಂಧದೆಣ್ಣೆಯ ಸ್ಯಾಂಟಲಾಲ್‌ನಲ್ಲಿ ಬೆಂಜೀನ್ ಉಂಗುರ ಇಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಉಂಗುರದ ಪಂಡಿತರು ಉಂಗುರವಿಲ್ಲದ ಎಣ್ಣೆಯಿಂದ ಇಲ್ಲಿ ಹೆಸರಾದರು.

ಮದ್ರಾಸಿನಲ್ಲಿ ಈ ಮೂಲೆ ಲೆಕ್ಕ ಪ್ರಾಣದ ಪ್ರಶ್ನೆಯಾದದ್ದು 1950ರ ದಶಕದಲ್ಲಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ಚೇಟ್‌ಪೇಟೆಯಲ್ಲಿ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರ ತೆರೆದವು. ಕ್ಷಯ ರೋಗಿಗಳು ಸ್ಯಾನಿಟೋರಿಯಮ್ಮಿನಲ್ಲಿ ವರ್ಷಗಟ್ಟಲೆ ಮಲಗಲೇಬೇಕೆ, ಮನೆಯಲ್ಲೇ ಮಾತ್ರೆ ನುಂಗಿ ವಾಸಿಯಾಗಬಹುದೆ ಎಂಬುದು ಪ್ರಶ್ನೆ. ವ್ಯಾಲೆಸ್ ಫಾಕ್ಸ್ ಮುಂದಾಳತ್ವದ ತಂಡ ನಗರದ ಬಡ ಕುಟುಂಬಗಳ 193 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ವರ್ಷ ಔಷಧಿ ಕೊಟ್ಟಿತು. ಮನೆಯಲ್ಲಿದ್ದವರೂ ಸ್ಯಾನಿಟೋರಿಯಮ್ಮಿನಲ್ಲಿದ್ದವರೂ ಹೆಚ್ಚುಕಡಿಮೆ ಸಮವಾಗಿ ಚೇತರಿಸಿಕೊಂಡರು ಎಂಬ 1959ರ ವರದಿ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ.

ಕೊಟ್ಟ ಔಷಧಿಗಳು ಎರಡು: ಐಸೊನಯಜಿಡ್ ಮತ್ತು ಪ್ಯಾರಾ ಅಮೈನೊ ಸ್ಯಾಲಿಸಿಲಿಕ್ ಆಮ್ಲ, ಆಸ್ಪತ್ರೆ ಮಾತಿನಲ್ಲಿ ‘ಪಾಸ್’. ಸ್ವೀಡನ್ನಿನ ಯೋರ್ಗನ್ ಲೇಮನ್ 1940ರ ದಶಕದಲ್ಲಿ ಕಂಡುಕೊಂಡ ಮದ್ದು ಅದು. ಸ್ಯಾಲಿಸಿಲಿಕ್ ಆಮ್ಲ ಕ್ಷಯದ ಕ್ರಿಮಿಯ ಉಸಿರಾಟವನ್ನು ಚುರುಕಾಗಿಸುತ್ತದೆ ಎಂಬ ವರದಿ ಓದಿದ ಅವನಿಗೆ, ಅದೇ ಅಣುವನ್ನು ಚೂರು ಬದಲಿಸಿದರೆ ಕ್ರಿಮಿಯ ಗಂಟಲಿಗೆ ಸಿಕ್ಕಿಕೊಳ್ಳಬಹುದು ಎನಿಸಿತು. ಅಮೈನೊ ಗುಂಪನ್ನು ಆಮ್ಲದ ಗುಂಪಿನ ಎದುರು ಮೂಲೆಯಲ್ಲಿ ಕೂರಿಸಿದ.

ರುಚಿಗೆಟ್ಟ ಆ ಪುಡಿಯನ್ನು ದಿನಕ್ಕೆ ಗ್ರಾಂಗಟ್ಟಲೆ ನುಂಗಬೇಕಿತ್ತು, ಹೊಟ್ಟೆ ತೊಳಸುತ್ತಿತ್ತು. ರೋಗಿ ನಿಜವಾಗಿ ನುಂಗುತ್ತಿದ್ದಾನೆಯೇ ಎಂದು ತಿಳಿಯಲು ಕೇಂದ್ರದವರು ಹೇಳದೆ ಕೇಳದೆ ಮನೆಗೆ ಹೋಗಿ ಮೂತ್ರ ಕೇಳುತ್ತಿದ್ದರು. ಅದಕ್ಕೆ ಫೆರಿಕ್ ಕ್ಲೋರೈಡ್ ಹನಿ ಬಿಟ್ಟರೆ ಕೆಂಪು ನೇರಳೆ ಬಣ್ಣ ಏಳಬೇಕು. ಉಂಗುರದ ಮೇಲೆ ಆಮ್ಲದ ಪಕ್ಕದಲ್ಲೇ, ಆರ್ಥೊ ಜಾಗದಲ್ಲಿ, ಫೀನಾಲಿನ ಗುಂಪು ಕೂತಿರುವುದೇ ಆ ಬಣ್ಣಕ್ಕೆ ಕಾರಣ. ಪ್ಯಾರಾ ಜಾಗದ ಗುಂಪು ಕ್ರಿಮಿಯನ್ನು ತಡೆಯುತ್ತಿತ್ತು, ಆರ್ಥೊ ಜಾಗದ ಗುಂಪು ರೋಗಿಯ ಸುಳ್ಳನ್ನು ಹಿಡಿಯುತ್ತಿತ್ತು.

1879ರ ಷರಾ ಸಾಲದಾದದ್ದೂ ಇದೇ ಔಷಧಿಯಲ್ಲಿ ಕಾಣುತ್ತದೆ. ಪ್ಯಾರಾ, ಸರಿ, ಆದರೆ ಯಾರಿಗೆ ಪ್ಯಾರಾ? ಸ್ಯಾಲಿಸಿಲಿಕ್ ಆಮ್ಲದಲ್ಲಿ ಈಗಾಗಲೇ ಎರಡು ಗುಂಪು ಇವೆ, ಆಮ್ಲದ್ದು ಒಂದನೆಯ ಮೂಲೆ, ಹೈಡ್ರಾಕ್ಸಿಯದ್ದು ಎರಡನೆಯದು. ಅಮೈನೊ ಗುಂಪು ನಾಲ್ಕರಲ್ಲಿ ಕೂತರೆ ಆಮ್ಲಕ್ಕೆ ಪ್ಯಾರಾ, ಕ್ಷಯದ ಔಷಧಿ. ಐದರಲ್ಲಿ ಕೂತರೆ ಹೈಡ್ರಾಕ್ಸಿಗೆ ಪ್ಯಾರಾ. ಅದು ಮೆಸಲಜೀನ್, ಕರುಳಿನ ಉರಿಯೂತಕ್ಕೆ ಕೊಡುವ ಬೇರೆಯೇ ಮದ್ದು. ಮೂರು ಜನ ಕೂತ ಉಂಗುರಕ್ಕೆ ಅಂಕೆಯೇ ಗತಿ. 4-ಅಮೈನೊ-2-ಹೈಡ್ರಾಕ್ಸಿಬೆಂಜೊಯಿಕ್ ಆಮ್ಲ ಎಂದು ಬರೆದರೆ ಯಾರೂ ತಪ್ಪಲಾರರು. ಆದರೂ ಮದ್ದು ಲೋಕದಲ್ಲಿ ಅದು ಇಂದಿಗೂ ಪ್ಯಾರಾ ಅಮೈನೊ ಸ್ಯಾಲಿಸಿಲಿಕ್ ಆಮ್ಲವೇ.

ಮದ್ರಾಸ್ ನಗರದ ಉತ್ತರದಲ್ಲಿ ಆ ಹೊತ್ತಿಗೆ ಇನ್ನೊಂದು ಬದಲಾವಣೆ ಹತ್ತಿರವಾಗುತ್ತಿತ್ತು. ಹಾಲಿನ ಕಾಲೊನಿಯಿಂದ ಹೆಸರಾದ ಮಾಧವರಂನ ಪೂರ್ವಕ್ಕೆ ಮಣಲಿ. ಭಾರತ ಸರ್ಕಾರ, ಅಮೆರಿಕದ ಆಮೊಕೊ, ಇರಾನಿನ ರಾಷ್ಟ್ರೀಯ ತೈಲ ಕಂಪನಿ ಸೇರಿ 1965ರಲ್ಲಿ ಕಟ್ಟಿದ ಮದ್ರಾಸ್ ರಿಫೈನರೀಸ್ ಅಲ್ಲಿ 1969ರಲ್ಲಿ ತೈಲ ಶುದ್ಧೀಕರಣ ಆರಂಭಿಸಿತು. ಗೊಬ್ಬರದ ಕಾರ್ಖಾನೆ ಬಂತು, ಪೆಟ್ರೊಕೆಮಿಕಲ್ ಘಟಕಗಳು ಬಂದವು. ಮಾಧವರಂನ ರಸ್ತೆಗಳಿಗೆ ಟ್ಯಾಂಕರ್ ಲಾರಿಗಳ ಸಾಲು ಬಂತು. ಅಪಾಯದ ಸರಕು ಸಾಗಿಸುವ ಲಾರಿಯ ಮೇಲೆ ಅದರ ಸರಿಯಾದ ತಾಂತ್ರಿಕ ಹೆಸರನ್ನೂ ವಿಶ್ವಸಂಸ್ಥೆಯ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಬೆಂಜೀನಿಗೆ 1114, ಟಾಲ್ವೀನಿಗೆ 1294, ಅನಿಲೀನಿಗೆ 1547. ಕ್ಸೈಲೀನಿನ ಮೂರು ಸಮಾಂಗಿಗಳಿಗೂ ಸೇರಿ 1307 ಒಂದೇ. ಬೆಂಕಿ ಬಿದ್ದಾಗ ಆರ್ಥೊ ಯಾವುದು ಪ್ಯಾರಾ ಯಾವುದು ಎಂದು ಅಗ್ನಿಶಾಮಕ ದಳದವರು ಕೇಳುವುದಿಲ್ಲ. ನೈಟ್ರೊಅನಿಲೀನಿನ ಎದುರು ಮಾತ್ರ ಆ ಪಟ್ಟಿಯಲ್ಲಿ ಆರ್ಥೊ, ಮೆಟಾ, ಪ್ಯಾರಾಗಳ ಮೊದಲಕ್ಷರಗಳು ಈಗಲೂ ಅಚ್ಚಾಗುತ್ತವೆ.

ಮಣಲಿಯಲ್ಲಿ 1988ರಿಂದ ತಮಿಳುನಾಡು ಪೆಟ್ರೊಪ್ರಾಡಕ್ಟ್ಸ್ ತಯಾರಿಸುತ್ತಿರುವ ಮುಖ್ಯ ಸರಕೇ ಬೆಂಜೀನ್ ಬಳಗದ್ದು, ಲೀನಿಯರ್ ಆಲ್ಕೈಲ್ ಬೆಂಜೀನ್. ಬಟ್ಟೆ ಒಗೆಯುವ ಪುಡಿಗಳಲ್ಲಿ ನೊರೆ ಬರಿಸುವ ವಸ್ತು ಆಗುವುದು ಇದರಿಂದ. ಮೊದಲು ಈ ಕೆಲಸಕ್ಕೆ ಕವಲೊಡೆದ ಸರಪಳಿಯ ಬೆಂಜೀನ್ ಬಳಸುತ್ತಿದ್ದರು. ಕವಲುಗಳನ್ನು ಬ್ಯಾಕ್ಟೀರಿಯಾ ಅರಗಿಸಲಾರದೆ 1950ರ ದಶಕದಲ್ಲಿ ಯುರೋಪು, ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡೆ ನಿಂತಿತು. ಆಮೇಲೆ ನೇರ ಸರಪಳಿಗೆ ಬದಲಾಯಿಸಿದರು. ಮಣಲಿಯಲ್ಲಿ ಸೀಮೆಎಣ್ಣೆಯಿಂದ ಹತ್ತರಿಂದ ಹದಿಮೂರು ಇಂಗಾಲದ ನೇರ ಸರಪಳಿಗಳನ್ನು ಬೇರ್ಪಡಿಸಿ ಬೆಂಜೀನಿಗೆ ಕೂಡಿಸುತ್ತಾರೆ. ಉಂಗುರ ಸರಪಳಿಯ ಎರಡು ತುದಿಗಳನ್ನು ಬಿಟ್ಟು ಮಿಕ್ಕ ಯಾವ ಇಂಗಾಲಕ್ಕಾದರೂ ಅಂಟಿಕೊಳ್ಳಬಹುದು. ಹತ್ತರ ಸರಪಳಿಯಲ್ಲಿ ನಾಲ್ಕು ಬಗೆ, ಹನ್ನೊಂದರಲ್ಲಿ ಐದು, ಹನ್ನೆರಡರಲ್ಲಿ ಐದು, ಹದಿಮೂರರಲ್ಲಿ ಆರು. ಒಂದು ಟ್ಯಾಂಕಿನಲ್ಲಿ ಇಪ್ಪತ್ತು ಹೆಸರುಗಳು.

ಅವುಗಳಲ್ಲಿ ಒಂದನ್ನು 1979ರ ನಿಯಮ ಹಿಡಿದವರು 2-ಫೀನೈಲ್‌ಡೋಡೆಕೇನ್ ಎಂದು ಬರೆಯುತ್ತಿದ್ದರು: ಉದ್ದನೆಯ ಸರಪಳಿ ಯಜಮಾನ, ಉಂಗುರ ಅತಿಥಿ. ಉಂಗುರಕ್ಕೆ ಸರಪಳಿಗಿಂತ ಹಿರಿತನ ಎಂದು 2013ರ ನಿಯಮ ತೀರ್ಮಾನಿಸಿದ ಮೇಲೆ ಅದೇ ವಸ್ತು ಡೋಡೆಕನ್-2-ಐಲ್ ಬೆಂಜೀನ್ ಆಯಿತು. ಮಣಲಿಯ ಬಿಲ್ಲುಗಳಲ್ಲಿ, ಸೋಪಿನ ಪುಡಿಯ ಕಾರ್ಖಾನೆಗಳ ಖರೀದಿ ಪುಸ್ತಕದಲ್ಲಿ ಮಾತ್ರ ಇಪ್ಪತ್ತಕ್ಕೂ ಸೇರಿ ಒಂದೇ ಹೆಸರು ನಡೆಯುತ್ತದೆ: ಲ್ಯಾಬ್.